ಊರು, ಹೊಳೆ, ಕಡಲು

ಹುಲುಗೇಶ್ ಕಡಲನ್ನು ಮುನ್ನೂರ ಹನ್ನೊಂದು ಸಲ ನೋಡಿದ್ದ. ಅದರಲ್ಲಿ ಎರಡು ಸಲ ಅವನೇನೂ ಹೋಗಿರಲಿಲ್ಲ. ಕಡಲೇ ಹಂಪಿಯ ತನಕ ನಡೆದುಕೊಂಡು ಬಂದು, ವಿರೂಪಾಕ್ಷನ ಗೋಪುರದ ಎರಡನೆಯ ಅಂತಸ್ತಿನವರೆಗೆ ಎದ್ದು ನಿಂತು, ಅವನ ಮುಖ ನೋಡಿಕೊಂಡು ವಾಪಸು ಹೋಗಿತ್ತು. ಆ ಎರಡೂ ಮಧ್ಯಾಹ್ನ ಬಜಾರಿನ ಉಳಿದ ಜನವೆಲ್ಲ ಉಂಡು ಮಲಗಿದ್ದರಿಂದ ಸಾಕ್ಷಿ ಇರಲಿಲ್ಲ. ಇದನ್ನು ಅವನು ಇಸ್ರೇಲಿನ ಹುಡುಗರಿಗೆ ಇಂಗ್ಲಿಷಿನಲ್ಲಿ, ಗುಂಟೂರಿನ ಮೆಣಸಿನಕಾಯಿ ವ್ಯಾಪಾರಿಗಳಿಗೆ ತೆಲುಗಿನಲ್ಲಿ, ಒಬ್ಬ ಮೌನವ್ರತದ ಸನ್ಯಾಸಿಗೆ ಬರೀ ಕೈಸನ್ನೆಯಲ್ಲಿ ಹೇಳಿದ್ದ. ಸನ್ಯಾಸಿ ಮಾತ್ರ ನಂಬಿದ್ದ. ಆದರೆ ಇವತ್ತು, ಪ್ರವಾಸದ ಮೂರನೆಯ ದಿನ, ಕೊಪ್ಪಳ ದಾಟಿದ ಹೆದ್ದಾರಿಯಲ್ಲಿ ಅದಿರು ಲಾರಿಗಳ ನಡುವೆ ಬಾಡಿಗೆಯ ಓಮ್ನಿ ಓಡಿಸುತ್ತಿದ್ದ ಹುಲುಗೇಶನಿಗೆ ಆ ಮುನ್ನೂರ ಹನ್ನೊಂದರಲ್ಲಿ ಒಂದು ಕಡಲೂ ನೆರವಿಗೆ ಬರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಸಂಡೂರಿನ ದುರುಗವ್ವ ಕೂತಿದ್ದಳು. ಅವಳ ಮಡಿಲಲ್ಲಿ ಸತ್ತ ಗಂಡನ ಹಳೆಯ ಟವೆಲ್ಲಿನಲ್ಲಿ ಕಟ್ಟಿದ ಗಂಟು. ಗಂಟಿನಲ್ಲಿ ಕಪ್ಪೆಚಿಪ್ಪು, ಕವಡೆ, ಎರಡು ಸಣ್ಣ ಶಂಖ. ಓಮ್ನಿ ತಗ್ಗಿಗೆ ಇಳಿದಾಗಲೆಲ್ಲ ಅವು ತಮ್ಮತಮ್ಮಲ್ಲೇ ಏನೋ ಆಡಿಕೊಂಡಂತೆ ಸದ್ದಾಗುತ್ತಿತ್ತು. ಆ ಮಾತು ತನ್ನ ಬಗ್ಗೆಯೇ ಎಂದು ಹುಲುಗೇಶನಿಗೆ ಅನ್ನಿಸುತ್ತಿತ್ತು. ಅವನ ಸೀಟಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ, ನಿನ್ನೆ ಕಂಪ್ಲಿಯಲ್ಲಿ ಕೊಂಡ ಒಂದು ಕಿಲೋ ಕಲ್ಲುಪ್ಪು ಇತ್ತು.

ಆ ಕರಪತ್ರ ಅಚ್ಚು ಹಾಕಿಸಿದ್ದೇ ತಪ್ಪಾಯಿತು. ‘ಊರು, ಹೊಳೆ, ಕಡಲು. ಮೂರೇ ದಿನದಲ್ಲಿ ಮೂರು ಲೋಕ. ಗೈಡ್ ಹುಲುಗೇಶ್, ಹಂಪಿ ಬಜಾರ್.’ ಕೆಂಪು ಮಣ್ಣಿಗೆ ಚೀನಾದವರು ಬಂಗಾರದ ಬೆಲೆ ಕೊಡುತ್ತಿದ್ದ ವರ್ಷಗಳು ಅವು. ಹೊಸಪೇಟೆಯಲ್ಲಿ ನಿನ್ನೆಯವರೆಗೆ ಸೈಕಲ್ಲಿಗೆ ಪಂಚರ್ ಹಾಕುತ್ತಿದ್ದವನು ಇವತ್ತು ಜೀಪು ಬಾಡಿಗೆಗೆ ಬಿಡುತ್ತಿದ್ದ. ಎಲ್ಲರೂ ಏನಾದರೊಂದು ಅಚ್ಚು ಹಾಕಿಸುತ್ತಿದ್ದರು, ತಾನೂ ಹಾಕಿಸಿದ. ಊರು ತೋರಿಸಬಲ್ಲ, ಹೊಳೆ ತೋರಿಸಬಲ್ಲ. ಕಡಲು ಮಾತ್ರ ಸಾಲು ತುಂಬಲಿ ಎಂದು ಸೇರಿಸಿದ್ದು. ಕಡಲು ಬೇಕಾದವರು ಹೇಗೂ ಗೋಕರ್ಣದ ಬಸ್ಸು ಹತ್ತುತ್ತಾರೆ, ತನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದ. ನಾಲ್ಕು ದಿನದ ಹಿಂದೆ, ಸಾಲುಮಂಟಪದ ನೆರಳಲ್ಲಿ ಕಾಲು ಚಾಚಿಕೊಂಡು ಕೂತಿದ್ದಾಗ, ಇಬ್ಬರು ಹೆಂಗಸರು ಬಂದು ಎದುರಿಗೆ ನಿಂತರು.

“ಗೈಡ್ ಹುಲುಗೇಶ್ ಅಂದ್ರ ನೀವೇನ್ರಿ?”

“ನಾನೇ ರೀ ಯಕ್ಕಾ. ಇಡೀ ಹಂಪ್ಯಾಗ ಒಬ್ಬನೇ. ಉಳಿದೋರೆಲ್ಲ ನನ್ನ ಜೆರಾಕ್ಸು.”

ಕಿರಿಯವಳು ನಗಲಿಲ್ಲ. ನಾಲ್ಕು ಮಡಿಕೆಯಾಗಿದ್ದ ಕರಪತ್ರ ಬಿಚ್ಚಿದಳು. “ನಮ್ಮನಿಯಾರ ಅಂಗಿ ಕಿಸೇದಾಗ ಇದು ಸಿಕ್ತು. ಅವ್ರು ಲಾರಿ ಡ್ರೈವರ್ ಇದ್ರು. ಮಣ್ಣು ಹೇರಿಕೊಂಡು ಕಡಲಿನ ಬಂದರಿಗೆ ಹೋಗ್ತಿದ್ರು. ದೀಪಾವಳಿ ಮುಂದ ಕಾಮಣಿ ಬ್ಯಾನಿ ಆಗಿ ತೀರ್ಕೊಂಡ್ರು.”

“ಹೆಸರೇನ್ರಿ ಅವರ್ದು?”

ಅವಳು ಪಕ್ಕದವಳ ಮುಖ ನೋಡಿದಳು. ಗಂಡನ ಹೆಸರು ಅವಳ ಬಾಯಲ್ಲಿ ಬರುವಂತಿಲ್ಲ. “ಜಡೆಪ್ಪ,” ಅಂದಳು ಹಿರಿಯವಳು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ. “ನನ್ನ ತಮ್ಮ. ನಾ ಎರ್ರೆಮ್ಮ. ಇಕಿ ದುರುಗವ್ವ. ಮುಂದಿಂದು ಹೇಳಲೇ ದುರುಗಿ, ಬಾಯಾಗ ಏನ್ ಹುಂಜ ಕುಂತೈತೇನು.”

“ಹೋದಾಗೊಮ್ಮೆ ಕಡಲಿಂದ ಒಂದೊಂದು ತರ್ತಿದ್ರು,” ದುರುಗವ್ವ ಗಂಟು ಮುಟ್ಟಿ ತೋರಿಸಿದಳು. “ಸತ್ತೋರು ದೂರದಿಂದ ಕೈಯಾರೆ ತಂದದ್ದನ್ನ ತಂದ ಜಾಗಕ್ಕೇ ಮುಟ್ಟಸಬೇಕು, ಇಲ್ಲಾಂದ್ರ ಅವರ ದಾರಿ ಮುಗಿಯಂಗಿಲ್ಲ ಅಂತ ನಮ್ಮತ್ತಿ ಹೇಳ್ತಿದ್ಲು. ಅವ್ರು ನೋಡಿದ ಕಡಲು ನನಗ ತೋರಸ್ರಿ. ಇದನ್ನ ಬಿಟ್ಟು ಬರ್ತೀನಿ.”

ಆಗಲೇ ಹೇಳಿಬಿಡಬಹುದಿತ್ತು. ಸಾಲುಮಂಟಪದ ಕಂಬಕ್ಕೆ ಒರಗಿ, ಯಕ್ಕಾ, ಈ ಚಿಪ್ಪು ಇಲ್ಲಿಂದ ಮೂರನೆಯ ಅಂಗಡಿಯವು, ಆ ಅಂಗಡಿ ಆಗ ನನ್ನದಿತ್ತು, ನಿಮ್ಮ ಗಂಡ ಕಡಲಿನ ಮುಖವನ್ನೇ ನೋಡಿದವನಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾಲಿಗೆ ಅಭ್ಯಾಸದ ದಾರಿ ಹಿಡಿಯಿತು. “ಕಡಲೇನ್ರಿ ಯಕ್ಕಾ, ನನ್ನ ಹಿತ್ತಲು ಇದ್ದಂಗ,” ಅಂದಿತು. ಮೊದಲ ಸಲ ಜಡೆಪ್ಪ ಅಂಗಡಿಗೆ ಬಂದಾಗಲೂ ಹೀಗೇ ಆಗಿತ್ತಲ್ಲವೆ. ಮೈಯೆಲ್ಲ ಕೆಂಪು ದೂಳು, ಹುಬ್ಬು ಕೂಡ ಕೆಂಪು, ಅಂಗಡಿಯ ಮುಂದೆ ಗಿರಾಕಿ ಹೋಗುವವರೆಗೆ ಕಾದು ನಿಂತು, ಕಳ್ಳಮಾಲು ಕೇಳುವವನ ಹಾಗೆ ಕೇಳಿದ್ದ: “ಕಡಲಿಂದ ಆರಿಸಿಕೊಂಡು ಬಂದಂಗ ಕಾಣೋ ಚಿಪ್ಪು ಐತೇನಪಾ?” ಘಟ್ಟದ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದ್ದನಂತೆ. ಹಿಂದೆ ತುಂಬಿದ ಲಾರಿ, ಮುಂದೆ ರಸ್ತೆಯೇ ಇಲ್ಲದಂಥ ತಿರುವು, ಅದರಾಚೆ ಬರೀ ಗಾಳಿ. ಕಾಲು ಬ್ರೇಕಿನ ಮೇಲೆಯೇ ಸೆಟೆದುಕೊಂಡಿತಂತೆ. ಯಾರೋ ಬೇರೆ ಡ್ರೈವರು ಲಾರಿ ಇಳಿಸಿದ. ಜಡೆಪ್ಪ ತಿರುಗಿ ಬಂದ. ಸಂಡೂರಿಗೆ ಮುಟ್ಟಿದಾಗ ಹೆಂಡತಿ, ಕಡಲು ಹೆಂಗಿತ್ತು ಅಂತ ಕೇಳಿದಳು. ನೋಡಿಲ್ಲ ಅನ್ನಲು ಬಾಯಿ ಬರಲಿಲ್ಲ. ಹೆಂಗಿತ್ತು ಅನ್ನಲು ಮಾತು ಇರಲಿಲ್ಲ. ಮಾತು ಹುಲುಗೇಶನ ಹತ್ತಿರ ಕಂಡಾಪಟ್ಟೆ ಇತ್ತು. ಚಿಪ್ಪಿನ ಜೊತೆ ಅದನ್ನೂ ಕಟ್ಟಿಕೊಟ್ಟ.

“ಎಷ್ಟು ದೂರ ಐತ್ರಿ ಇನ್ನ?” ಹಿಂದಿನಿಂದ ದುರುಗವ್ವನ ದನಿ.

“ಬಂತ್ರಿ ಯಕ್ಕಾ. ಈಗ ಗಾಳಿ ಬದಲಾತು ನೋಡ್ರಿ.”

ಗಾಳಿ ಏನೂ ಬದಲಾಗಿರಲಿಲ್ಲ. ಲಾರಿಗಳ ದೂಳು ಓಮ್ನಿಯ ಗಾಜುಗಳ ಮೇಲೆ ಕೂತು ಕೂತು ಒಳಗಿನ ಬೆಳಕೇ ಕೆಂಪಗಾಗಿತ್ತು. ಕೆಂಪು ಸೀರೆಯ ಮರೆಯಲ್ಲಿ ಕೂತು ಸೂರ್ಯನನ್ನು ನೋಡಿದ ಹಾಗೆ. ಈ ಬೆಳಕಿನಲ್ಲಿ ಊರುಗಳಿಗೆ ಹೆಸರಿರಲಿಲ್ಲ, ಮರಗಳಿಗೆ ಎಲೆಗಳಿರಲಿಲ್ಲ; ಎದುರಿನ ಗಾಜಿನಲ್ಲಿ ವೈಪರ್ ಗೀರಿದ ಅರ್ಧಚಂದ್ರದಷ್ಟು ಮಾತ್ರ ಲೋಕ ಉಳಿದಿತ್ತು, ಅದು ಹುಲುಗೇಶನೊಬ್ಬನಿಗೆ. ಅದೇ ಅವನ ಪುಣ್ಯ. ಯಾಕೆಂದರೆ ಕೊಪ್ಪಳ ದಾಟಿ ಎಡಕ್ಕೆ ತಿರುಗಿದರೆ ಅರ್ಧ ತಾಸಿನಲ್ಲಿ ಮುಟ್ಟಬಹುದಾದ ಜಾಗಕ್ಕೆ ಅವನು ಮೂರು ತಾಸಿನಿಂದ ಹೋಗುತ್ತಿದ್ದ. ಹಳ್ಳಿಯ ರಸ್ತೆಗೆ ಇಳಿದು, ಮತ್ತೆ ಹೆದ್ದಾರಿಗೆ ಹತ್ತಿ, ಅದೇ ಲಾರಿ ತೂಗುವ ಕಟ್ಟೆ, ಅದೇ ಪಂಜಾಬಿ ಡಾಬಾ, ಅದೇ ಕೆಟ್ಟು ನಿಂತ ಲಾರಿಯ ಕೆಳಗೆ ಮಲಗಿದ್ದ ಅದೇ ಮನುಷ್ಯನ ಎರಡು ಕಾಲು, ಎಲ್ಲವನ್ನೂ ಎರಡೆರಡು ಸಲ ದಾಟಿದ್ದ. ಕಡಲು ದೂರ ಇರಬೇಕು. ಹತ್ತಿರದ ಕಡಲನ್ನು ಯಾರೂ ನಂಬುವುದಿಲ್ಲ.

“ಬೆಳಿಗ್ಗೆ ಕಡಲು ಎಳೇ ಭತ್ತದ ಸಸಿಮಡಿ ಇದ್ದಂಗ ಇರತೈತಂತ,” ದುರುಗವ್ವ ಎರ್ರೆಮ್ಮನಿಗೆ ಹೇಳುತ್ತಿದ್ದಳು. ಎಷ್ಟೋ ಸಲ ಹೇಳಿ ನುಣುಪಾದ ಮಾತು. “ಸಂಜೀಕ ಕುಂಕುಮದ ಭರಣಿ ಉರುಳಿಬಿದ್ದಂಗ. ಹತ್ತು ಜಲ್ಲಿ ಮಷೀನು ಒಮ್ಮೆಲೆ ತಿರುಗಿದಂಗ ಸಪ್ಪಳ, ಆದ್ರ ಕಿವಿ ನೋಯಂಗಿಲ್ಲಂತ. ಅಲಿ ಬಂದು ಕಾಲಿಗೆ ಬಿದ್ದು, ಹಿಂದಕ್ಕ ಹೋಗೂ ಮುಂದ, ನಿಮ್ಮೂರು ಯಾವುದು ಅಂತ ಕೇಳ್ತೈತಂತ.”

ಹುಲುಗೇಶ್ ಸ್ಟಿಯರಿಂಗ್ ಹಿಡಿದುಕೊಂಡೇ ಒಂದೊಂದಾಗಿ ಗುರುತಿಸಿದ. ಸಸಿಮಡಿ ತನ್ನದು. ಕುಂಕುಮದ ಭರಣಿ ತನ್ನದು. ಜಲ್ಲಿ ಮಷೀನು ಆ ದಿನ ಕಮಲಾಪುರದ ಕಡೆಯಿಂದ ಕೇಳುತ್ತಿತ್ತು, ಅದಕ್ಕೇ ಬಾಯಿಗೆ ಬಂದದ್ದು. ಚಹಾ ಕುಡಿಯುತ್ತ ಕುಡಿಯುತ್ತ, ಹಲ್ಲಲ್ಲಿ ಕಡ್ಡಿ ಆಡಿಸುತ್ತ ಹೇಳಿದ ಮಾತುಗಳು ಈ ಹೆಂಗಸಿನ ಬಾಯಲ್ಲಿ ದೇವರ ಸಾಮಾನಿನ ಹಾಗೆ ಬೆಳಗಿಕೊಂಡು ಕೂತಿದ್ದವು.

“ಅಲಿ ಊರು ಕೇಳ್ತಂತೇನು? ಅದಕ್ಕ ನನ್ನ ತಮ್ಮ ಏನಂದ್ನಂತ?” ಎರ್ರೆಮ್ಮ ಆಕಳಿಸಿದಳು.

“ದುರುಗಿ ಇರೋ ಊರು ಅಂದ್ರಂತ.”

ಹುಲುಗೇಶ್ ಕನ್ನಡಿಯಲ್ಲಿ ಹಿಂದೆ ನೋಡಿದ. ಆ ಕೊನೆಯ ಮಾತು ಅವನದಲ್ಲ. ತಾನು ಕೊಟ್ಟ ಕಡಲಿನಲ್ಲಿ ಜಡೆಪ್ಪ ತನ್ನದೊಂದು ಹನಿ ಬೆರೆಸಿದ್ದ, ಹೇಳಿರಲಿಲ್ಲ. ಯಾಕೋ ಹೊಟ್ಟೆಕಿಚ್ಚಾಯಿತು. ಅಷ್ಟು ಒಳ್ಳೆಯ ಮಾತು ತನಗೆ ಯಾಕೆ ಹೊಳೆದಿರಲಿಲ್ಲ ಎಂದೋ, ಹಾಗೆ ಹೇಳಲು ತನಗೆ ಯಾವ ಊರೂ ಇಲ್ಲವೆಂದೋ.

“ನೋಡ್ ದುರುಗಿ,” ಎರ್ರೆಮ್ಮ ಕಿಟಕಿ ಸರಿಸಿ ಉಗುಳಿದಳು. “ನನ್ನ ತಮ್ಮ ಸಣ್ಣಂವ ಇದ್ದಾಗ ಬಾವ್ಯಾಗ ಇಣಿಕಿ ನೋಡಾಕ ಅಂಜ್ತಿದ್ದ. ಅಂಥಾಂವ ಘಟ್ಟ ಇಳದು ಕಡಲಿನ ಮುಂದ ನಿಂತಿದ್ನಂತ. ಕಡಲೋ, ಕಡಲಿನಂಥಾಕಿ ಯಾವಾಕಿ ಇದ್ಲೋ.”

ದುರುಗವ್ವನ ಗಂಟು ಮಡಿಲಿನಿಂದ ಹೊಟ್ಟೆಯ ಹತ್ತಿರಕ್ಕೆ ಸರಿಯಿತು, ಅಷ್ಟೆ. ಎರ್ರೆಮ್ಮ ತಮಾಷೆ ಮಾಡಿ ಮರೆತಳು, ಐದು ನಿಮಿಷದಲ್ಲಿ ಗೊರಕೆ ಹೊಡೆದಳು. ಆದರೆ ಗಂಟು ಸರಿದ ಆ ಸದ್ದು ಹುಲುಗೇಶನ ಕುತ್ತಿಗೆಯ ಹಿಂದೆ ನೊಣದ ಹಾಗೆ ಕೂತಿತು. ಹಾಗಾದರೆ ಇವಳ ಒಳಗೆ ಇರುವುದು ಅದು. ಹೋದಾಗೊಮ್ಮೆ ಮೂರು ಮೂರು ದಿನ ಮನೆ ಬಿಟ್ಟಿದ್ದ ಗಂಡ. ಕಡಲು ಇರುವವರೆಗೆ ಆ ಮೂರು ದಿನಗಳಲ್ಲಿ ಕಡಲಿದೆ. ಕಡಲು ಸುಳ್ಳಾದರೆ ಆ ಖಾಲಿ ಜಾಗಕ್ಕೆ ಒಬ್ಬ ಹೆಂಗಸು ಬಂದು ಕೂರುತ್ತಾಳೆ, ಯಾರೂ ಕರೆಯದೆ; ಸತ್ತವನು ಎದ್ದು ಬಂದು ಇಲ್ಲ ಅನ್ನುವಂತಿಲ್ಲ. ಎದ್ದು ಬರಬೇಕಾದವನು ತಾನು. ತಾನೋ, ಸೀಟಿನ ಕೆಳಗೆ ಉಪ್ಪು ಇಟ್ಟುಕೊಂಡು ಒಂದೇ ಡಾಬಾವನ್ನು ಮೂರನೆಯ ಸಲ ದಾಟುತ್ತಿದ್ದಾನೆ.

ಮೊದಲ ದಿನ ಊರು. ಹೊಸಪೇಟೆಯ ಬೀದಿಗಳಲ್ಲಿ ಗಣಿಯವರ ಬಂಗಲೆ ತೋರಿಸುತ್ತ, ಈ ಮನೆಯಲ್ಲಿ ನಾಯಿಗೂ ಎಸಿ, ಆ ಮನೆಯ ಮೆಟ್ಟಿಲು ತಾವೇ ನಡೆಯುತ್ತವೆ, ಮೇಲೆ ಹಾರುತ್ತಿರುವ ಹೆಲಿಕಾಪ್ಟರ್ ಸಂತೆಯಿಂದ ಕೊತ್ತಂಬರಿ ತರಲು ಹೊರಟಿದೆ ಎಂದೆಲ್ಲ ಹೇಳಿದ. “ನಾವು ಸಂಡೂರಿನೋರಪಾ,” ಅಂದಿದ್ದಳು ಎರ್ರೆಮ್ಮ, “ಇವರ ಮಣ್ಣು ನಮ್ಮ ಮೂಗಿನ್ಯಾಗ ಐತಿ. ಇವರ ಮನಿ ಏನ್ ತೋರಸ್ತಿ.” ಮಧ್ಯಾಹ್ನ ಹಂಪಿ. ಗುಡಿಯ ಬಾಗಿಲಲ್ಲಿ, ಎದೆಗೆ ಸರ್ಕಾರಿ ಕಾರ್ಡು ತೂಗುಹಾಕಿಕೊಂಡ ಗೈಡೊಬ್ಬ ಎಲ್ಲರ ಎದುರು ಕೇಳಿದ: “ಲೇ ಹುಲುಗ್ಯಾ, ಕಾರ್ಡ್ ಎಲ್ಲೈತಲೇ? ಇವರಿಗೂ ಕಡಲಿನ ಕಥಿ ಬಿಟ್ಟಿಯೋ ಇಲ್ಲೋ?” ಸುತ್ತಲಿನವರು ನಕ್ಕರು. ನಗುವುದನ್ನು ಅವನು ಬಲ್ಲ, ನಗುವವರ ಜೊತೆ ತಾನೂ ನಗುವುದು ಅವನ ಕಸುಬೇ. ಆದರೆ ದುರುಗವ್ವ ತನಗೇನೂ ಕೇಳಿಸಲಿಲ್ಲವೆಂಬಂತೆ ಹೊಳೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಅವನಿಗಾಗಿ ತಿರುಗಿಸಿದ ಮುಖ ಅದು. ಅದು ಚುಚ್ಚಿತು. ಆಮೇಲೆ ಸೋಪಾನ ಇಳಿದು, ಅಂಗೈಯಲ್ಲಿ ನೀರು ಎತ್ತಿ, ಒಂದು ಹನಿ ನಾಲಿಗೆಗೆ ಹಾಕಿ, ಕಣ್ಣು ಮುಚ್ಚಿದಳು.

“ಅದ್ಯಾಕ್ರಿ ಯಕ್ಕಾ?”

“ರೂಢಿ. ಗಣಿ ಸುರುವಾದ ಮ್ಯಾಲ ನಮ್ಮೂರ ನಳದಾಗ ಒಂದಿನ ನೀರು ಬರತೈತಿ, ಒಂದಿನ ಮಣ್ಣು ಬರತೈತಿ. ಕೊಡ ಇಡೂ ಮುಂದ ನಾಲಿಗಿಗೆ ಹಚ್ಚಿ ನೋಡ್ತೀವಿ. ಕಣ್ಣಿಗೆ ತಿಳಿಯಂಗಿಲ್ಲ. ನಾಲಿಗಿ ಸುಳ್ಳು ಹೇಳಂಗಿಲ್ಲ.”

ತನ್ನ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಿದ್ದ ಹುಲುಗೇಶ್.

ಎರಡನೆಯ ದಿನ ಹೊಳೆ. ಕಂಪ್ಲಿ ಅವಳ ತವರು. ಕಾಲುವೆಯ ದಂಡೆಗೆ ಕಬ್ಬು, ಅದರಾಚೆ ಕಣ್ಣು ಹೋದಷ್ಟು ಭತ್ತ, ಅಕ್ಕಿ ಮಿಲ್ಲುಗಳಿಂದ ಕುದಿಸಿದ ಭತ್ತದ ವಾಸನೆ ರಸ್ತೆಯ ಮೇಲೆ ಮಂಜಿನ ಹಾಗೆ ನಿಂತಿತ್ತು. ಹರಿಗೋಲಿನಲ್ಲಿ ಕೂರಿಸಿ ತಿರುಗಿಸಿದಾಗ ದುರುಗವ್ವ ನಕ್ಕಳು. ಮೂರು ದಿನದಲ್ಲಿ ಅದೊಂದು ಸಲ. ಐವತ್ತರ ಹೆಂಗಸಿನ ನಗೆಯಲ್ಲಿ ಹತ್ತರ ಹುಡುಗಿಯೊಬ್ಬಳು ಲಂಗ ಎತ್ತಿಕೊಂಡು ಓಡಿಹೋದಂತಾಯಿತು. ದಡಕ್ಕೆ ಬಂದು ಬೊಗಸೆ ತುಂಬ ನೀರು ಕುಡಿದಳು. “ಇದು ಡ್ಯಾಮಿನಿಂದ ಬರೋ ನೀರು. ಇದನ್ನ ಕುಡದು ಬೆಳದೀನಿ. ಕಣ್ಣು ಕಟ್ಟಿ ಬಾಯಿಗೆ ಹಾಕಿದ್ರೂ ಗುರ್ತು ಹಿಡೀತೀನಿ.” ಆ ಸಂಜೆಯೇ ಹುಲುಗೇಶ್ ಸಂತೆಬೀದಿಗೆ ಹೋಗಿ ಕಲ್ಲುಪ್ಪು ಕೊಂಡ. ಅಂಗಡಿಯ ಮುದುಕಿ, ಉಪ್ಪಿನಕಾಯಿ ಹಾಕ್ತೀರೇನು ಅಂದಳು. ಹೌದವ್ವ, ಭಾಳ ದೊಡ್ಡ ಉಪ್ಪಿನಕಾಯಿ ಅಂದ.

ಇಷ್ಟೆಲ್ಲ ಯಾಕೆ? ಓಮ್ನಿ ಘಟ್ಟ ಹತ್ತುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಬಸ್ಸಿನಲ್ಲಿ ಕರೆದೊಯ್ಯಬಹುದಿತ್ತು. ನಿಜ ಅದಲ್ಲ. ನಿಜದ ಕಡಲಿನ ಮುಂದೆ ಇವಳನ್ನು ನಿಲ್ಲಿಸಿದರೆ ಏನಾಗುತ್ತದೆ? ಅದು ಸಸಿಮಡಿಯ ಬಣ್ಣ ಇಲ್ಲದಿದ್ದರೆ? ಸಂಜೆ ಕುಂಕುಮ ಚೆಲ್ಲದಿದ್ದರೆ? ಅಲೆ ಬಂದು, ಯಾವ ಊರೆಂದೂ ಕೇಳದೆ, ಕಾಲು ಒದ್ದೆ ಮಾಡಿ ಹೋಗಿಬಿಟ್ಟರೆ? ಆಗ ಜಡೆಪ್ಪ ಎರಡನೆಯ ಸಲ ಸಾಯುತ್ತಾನೆ, ಕಾಮಣಿಯಿಂದಲ್ಲ, ಹುಲುಗೇಶನ ಬಾಯಿಂದ. ಹುಲುಗೇಶನಿಗೆ ಆಗಾಗ ಕಡಲಿನ ಕನಸು ಬೀಳುತ್ತಿತ್ತು. ಕನಸಿನಲ್ಲಿ ಅದು ಹಂಪಿಯ ಬಂಡೆಗಳ ಸಂದಿಯಿಂದ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತಿತ್ತು, ಬಜಾರಿನ ಕಲ್ಲುಕಂಬಗಳ ನಡುವೆ ಮೊಣಕಾಲುದ್ದ ನಿಲ್ಲುತ್ತಿತ್ತು, ಅಂಗಡಿಗಳ ಮಣಿಸರ ತೇಲುತ್ತಿದ್ದವು. ಅವನು ಬಗ್ಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಪ್ರತಿಸಲವೂ ಸಪ್ಪಗಿರುತ್ತಿತ್ತು. ಕನಸಿಗೂ ಗೊತ್ತಿತ್ತು ಇವನು ಎಷ್ಟು ಬಲ್ಲ ಎಂದು.

ಬಿಸಿಲು ಇಳಿಯುವ ಹೊತ್ತಿಗೆ ಇನ್ನು ಸುತ್ತಲು ಪೆಟ್ರೋಲ್ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಎಡಕ್ಕೆ ತಿರುಗಿದ. ಜಾಲಿಯ ಪೊದೆ, ಒಣಗಿದ ಜೋಳದ ದಂಟು, ಆಮೇಲೆ ನೆಲವೇ ಮುಗಿದುಹೋಗಿ ಬರೀ ಬೆಳಕು. ತುಂಗಭದ್ರೆಯ ಡ್ಯಾಮಿನ ಹಿನ್ನೀರು, ಡ್ಯಾಮು ಕಾಣದಷ್ಟು ದೂರದ ದಂಡೆ. ಆಚೆಯ ದಡ ಮಸುಕಿನಲ್ಲಿ ಕರಗಿತ್ತು. ಗಾಳಿಗೆ ಸಣ್ಣ ಸಣ್ಣ ಅಲೆಗಳು ಎದ್ದು ಮರಳಿನ ಅಂಚಿಗೆ ಬಂದು ನಾಚಿಕೊಂಡ ಹಾಗೆ ಹಿಂದೆ ಸರಿಯುತ್ತಿದ್ದವು. ಬೆಳ್ಳಕ್ಕಿಗಳು ನೀರಿನ ಮೇಲೆ ಯಾರೋ ಒಣಹಾಕಿ ಮರೆತ ಬಟ್ಟೆಯಂತೆ ಕೂತಿದ್ದವು. ದೂರದಲ್ಲಿ ಒಂದು ಮುರುಕು ಗುಡಿಸಲು. ಅದನ್ನು ನೋಡಬಾರದೆಂದು ಹುಲುಗೇಶ್ ಬೇರೆ ಕಡೆ ನೋಡಿದ. ಸೂರ್ಯ, ಯಾರ ಪುಣ್ಯವೋ, ನೀರಿಗೆ ಕುಂಕುಮ ಚೆಲ್ಲಲು ಆಗಷ್ಟೇ ಸುರುಮಾಡಿದ್ದ.

“ಇದಾ ಏನ್ರಿ?” ದುರುಗವ್ವ ಇಳಿದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು, ಹಿರಿಯರ ಮುಂದೆ ಎಳೆದುಕೊಳ್ಳುವ ಹಾಗೆ.

“ಇದಾ ರೀ ಯಕ್ಕಾ. ಇಲ್ಲೇ ನಿಂದರ್ರಿ, ಮೊದಲ ತೀರ್ಥ ಗೈಡ್ ಕೈಲೆ ಕೊಡೋದು ಕಡಲಿನ ಪದ್ಧತಿ.” ತಂಬಿಗೆ ಹಿಡಿದುಕೊಂಡು ಓಡಿದ. ಬೆನ್ನು ಅವರ ಕಡೆ ಮಾಡಿ ಕೂತು, ಜೇಬಿಗೆ ವರ್ಗಾಯಿಸಿಕೊಂಡಿದ್ದ ಉಪ್ಪನ್ನು ಎರಡು ಹಿಡಿ ಹಾಕಿ, ಬೆರಳಿನಿಂದ ಕದಡಿದ. ಕಲ್ಲುಪ್ಪು ಬೇಗ ಕರಗುವುದಿಲ್ಲ. ಹಿಂದೆ ಎರ್ರೆಮ್ಮ, “ಕಡಲಿನ ದಂಡ್ಯಾಗ ಎಮ್ಮಿ ಮೈ ತೊಳಿತಾವಲ್ಲೋ ಗೈಡಪ್ಪಾ,” ಅಂದಳು. “ಕಡಲೆಮ್ಮಿ ರೀ ಅವು,” ಅಂದ ತಿರುಗದೆ.

ದುರುಗವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಒಂದು ಹನಿ ನಾಲಿಗೆಗೆ. ಕಣ್ಣು ಮುಚ್ಚಿದಳು. ಮುಖ ಕಿವುಚಿದಳು, ಅಷ್ಟು ಉಪ್ಪಿತ್ತು. ಹುಲುಗೇಶ್ ಉಸಿರು ಬಿಟ್ಟ. ಅವಳು ತಂಬಿಗೆ ಮರಳಿನ ಮೇಲಿಟ್ಟು, ಸೀರೆ ಮೇಲಕ್ಕೆ ಕಟ್ಟಿ, ನೀರಿಗೆ ಇಳಿದಳು. ಮೊಣಕಾಲಿನವರೆಗೆ ಹೋಗಿ ಬಗ್ಗಿದಳು. ಬೇಡ ಯಕ್ಕಾ ಅನ್ನಬೇಕೆಂದುಕೊಂಡ. ಯಾಕೆ ಬೇಡ ಎಂಬುದಕ್ಕೆ ಮುನ್ನೂರ ಹನ್ನೊಂದು ಕಾರಣಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವಳು ಬೊಗಸೆಯಲ್ಲಿ ಎತ್ತಿದಳು, ಕುಡಿದಳು, ಮತ್ತೆ ಎತ್ತಿದಳು, ಮತ್ತೆ ಕುಡಿದಳು. ಬೆಳ್ಳಕ್ಕಿ ಎದ್ದು ಬೇರೆ ಕಡೆ ಕೂತವು.

“ತಂಬಿಗ್ಯಾಗಿನ ಕಡಲು ಉಪ್ಪು ಐತಿ,” ಅಂದಳು ಈ ಕಡೆ ನೋಡದೆ. “ಕಡಲಿನ್ಯಾಗಿನ ಕಡಲು ಸಪ್ಪಗ ಐತಿ. ಇದು ನಮ್ಮ ಕಂಪ್ಲಿ ನೀರು, ಹುಲುಗೇಶಪ್ಪಾ.”

ಉಪ್ಪು ಅವನ ಪ್ಯಾಂಟಿನ ಜೇಬಿನಿಂದ ಒಂದೊಂದೇ ಹರಳು ಉದುರುತ್ತಿತ್ತು. ಎರ್ರೆಮ್ಮ ಅದನ್ನು ನೋಡಿದಳು, ಅವನ ಮುಖ ನೋಡಿದಳು, ಬೈಯಲು ಬಾಯಿ ತೆರೆದಳು. ದುರುಗವ್ವ ಕೈ ಎತ್ತಿ ತಡೆದಳು. ಸೊಂಟಕ್ಕೆ ಸಿಕ್ಕಿಸಿದ್ದ ಗಂಟು ಬಿಚ್ಚಿ ಒಂದು ಚಿಪ್ಪು ಆರಿಸಿ ಹಿಡಿದಳು, ಬೆನ್ನಿನ ಮೇಲೆ ಚಾಕುವಿನಿಂದ ಕೆರೆದ ಗುರುತಿದ್ದ ಚಿಪ್ಪು. ಅದರ ಮೇಲಿದ್ದ ‘ಹಂಪಿ’ ಎಂಬ ಬಣ್ಣದ ಅಕ್ಷರವನ್ನು ಹುಲುಗೇಶನೇ ಕೆರೆದು ಕೊಟ್ಟಿದ್ದ. ಬಣ್ಣದ ಒಂದು ಚೂರು ಇನ್ನೂ ಉಳಿದಿತ್ತು.

“ಇದನ್ನ ನೋಡಿದ ದಿನಾನ ನನಗ ಗೊತ್ತಾತು, ಇವು ಕಡಲಿಂದ ಬಂದದ್ದಲ್ಲ ಅಂತ. ಅವ್ರಿಗೆ ಕೇಳಲಿಲ್ಲ. 'ಕಡಲು ಹೆಂಗಿತ್ತು' ಅಂದ್ರ ಮಾರಿ ಅಷ್ಟು ಬೆಳಗ್ತಿತ್ತು, ಹೆಂಗ ಕೇಳ್ಲಿ. ಆಮ್ಯಾಲ ಕಿಸೇದಾಗ ನಿಮ್ಮ ಕಾಗದ ಸಿಕ್ತು. ಹಂಪಿ ಅಂತ ಇತ್ತು. ಅಲ್ಲಿ ಯಾವಾಕಿ ಅದಾಳ ನೋಡೂಣು ಅಂತ ಬಂದೆ. ಕಡಲು ನೋಡಾಕ ಬಂದಿಲ್ಲ ನಾ.” ಈಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. “ಎಲ್ಲಿ ಇರ್ತಿದ್ರು ಅವ್ರು ಮೂರು ಮೂರು ದಿನ?”

ಅವನ ತಲೆಯಲ್ಲಿ ಹತ್ತು ಕಥೆಗಳು ಒಟ್ಟಿಗೆ ಎದ್ದು ನಿಂತವು. ಸಾಧುವಿನ ಕಥೆ, ಮುಳುಗಿದ ಹಡಗಿನ ಕಥೆ, ಬಂದರಿನ ಸಾಹೇಬನ ಕಥೆ. ಎಲ್ಲವೂ ಚೆನ್ನಾಗಿದ್ದವು. ಅವನು ಕೈ ಎತ್ತಿ ಗುಡಿಸಲು ತೋರಿಸಿದ.

“ಅಲ್ಲಿ ರೀ. ನಮ್ಮವ್ವ ನೀರು ಇಳಿದಾಗ ಕಲ್ಲಂಗಡಿ ಹಾಕ್ತಿದ್ಲು, ಕಾಯಾಕ ಅಂತ ಹಾಕಿದ ಗುಡಿಸ್ಲು. ಅವ್ವ ಹೋದ ಮ್ಯಾಲ ಖಾಲಿ ಇತ್ತು, ನಾನಾ ತೋರಿಸಿಕೊಟ್ಟೆ. ಅಂವಗ ಘಟ್ಟ ಇಳ್ಯಾಕ ಆಗ್ತಿದ್ದಿಲ್ಲರಿ. ನೆತ್ತಿ ಮ್ಯಾಲ ನಿಂತ್ರ ಕಾಲು ನಡುಗ್ತಿದ್ವು. ಡಾಬಾದಾಗ ಬ್ಯಾರೆ ಡ್ರೈವರ್ ಕೈಗೆ ಲಾರಿ ಕೊಟ್ಟು, ಲಾರಿ ವಾಪಸ್ ಬರೂ ಮಟ ಇಲ್ಲಿ ಇರ್ತಿದ್ದ. ಯಾವಾಕೀನೂ ಇದ್ದಿಲ್ಲ ಯಕ್ಕಾ. ನನ್ನ ಬಿಟ್ರ ಒಂದು ನಾಯಿ ಬರ್ತಿತ್ತು.”

“ಇಲ್ಲಿ ಏನ್ ಮಾಡ್ತಿದ್ರು?”

“ಏನೂ ಇಲ್ಲರಿ. ಕುಂದರ್ತಿದ್ದ. ನನ್ನ ಅಂಗಡ್ಯಾಗ ಕೊಂಡ ಚಿಪ್ಪು ಒರಸಿ ಇಡ್ತಿದ್ದ. ಅಂಗಿ ಒಗಕೊಂತಿದ್ದ. ಆ ಅಂಗೀನ ಉಪ್ಪಿನ ನೀರಾಗ ಅದ್ದಿ ಒಣಗಿಸು, ಕಡಲಿನ ಗಾಳಿ ಹೊಡದಂಗ ಕಾಣತೈತಿ ಅಂತ ನಾನಾ ಹೇಳಿಕೊಟ್ಟಿದ್ದೆ.”

“ಬಿಳೇ ಕಲಿ ಇರ್ತಿದ್ವು ಅಂಗಿ ಮ್ಯಾಲ,” ಅಂದಳು ದುರುಗವ್ವ, ತನಗೆ ತಾನೇ. “ನಾನು ಒಗೀತಿದ್ದಿಲ್ಲ. ಎರಡು ದಿನ ಹಂಗ ತೂಗು ಹಾಕಿರ್ತಿದ್ದೆ.”

ಎರ್ರೆಮ್ಮ ಮರಳಿನ ಮೇಲೆ ಧೊಪ್ಪನೆ ಕೂತಳು. “ಬಾವಿ ನೋಡಾಕ ಅಂಜ್ತಿದ್ನಲೇ ನನ್ನ ತಮ್ಮ,” ಅಂದಳು. ದನಿಯಲ್ಲಿ ಈಗ ತಮಾಷೆ ಇರಲಿಲ್ಲ. “ಹೆಂಡ್ತಿ ಮುಂದ ಹೇಳಾಕ ಅದಕ್ಕಿಂತ ಅಂಜ್ಯಾನ.”

ದುರುಗವ್ವ ನೀರಿನಲ್ಲೇ ನಿಂತು, ಚಿಪ್ಪುಗಳನ್ನು ಒಂದೊಂದಾಗಿ ಬಿಡತೊಡಗಿದಳು. ಎಸೆಯಲಿಲ್ಲ, ಕೈ ಮುಳುಗಿಸಿ, ನೆಲದ ಮೇಲೆ ಇಟ್ಟು ಬಂದಂತೆ ಬಿಟ್ಟಳು. ಕಡಲಿನವೇ ಅಲ್ಲವಾದ ಮೇಲೆ ಇಲ್ಲಿ ಯಾಕೆ ಎಂದು ಹುಲುಗೇಶ್ ಕೇಳಲಿಲ್ಲ. ಅವಳೇ ಹೇಳಿದಳು. “ಮನಿಗೆ ಇಲ್ಲಿಂದನ ತಂದಾರಲ್ಲ. ತಂದ ಜಾಗಕ್ಕ ಮುಟ್ಟಿಸೋದು.” ಕೊನೆಗೆ ಕೆರೆದ ಚಿಪ್ಪು ಉಳಿಯಿತು. ಅದನ್ನು ದಡಕ್ಕೆ ತಂದು ಅವನ ಅಂಗೈಯಲ್ಲಿಟ್ಟಳು. “ಇದು ನಿಮ್ದು.” ಉಪ್ಪಿನ ಅಂಗೈಯಲ್ಲಿ ಅದು ಒಂದು ಕ್ಷಣ ನಿಜವಾಗಿಯೂ ಕಡಲಿನದೆಂಬಂತೆ ಹೊಳೆಯಿತು.

“ಸಸಿಮಡಿ, ಕುಂಕುಮದ ಭರಣಿ. ಅವೂ ನಿಮ್ವಾ ಏನು?”

“ನನ್ವಾ ರೀ.”

“ಅಲಿ ಊರು ಕೇಳ್ತೈತಿ ಅಂದದ್ದು?”

“ಅದೂ ನಂದು.” ಅವನು ತಲೆ ಎತ್ತಿದ. “ಅದಕ್ಕ ಅಂವ ಕೊಟ್ಟ ಉತ್ತರ ಐತಲ್ಲರಿ, ಅದು ನಂದಲ್ಲ. ನಿನ್ನೆ ಮೊನ್ನೆವರಿಗೂ ನನಗ ಗೊತ್ತಿದ್ದಿಲ್ಲ. ಇವತ್ತ ಗಾಡ್ಯಾಗ ನಿಮ್ಮ ಬಾಯಿಂದ ಕೇಳ್ದೆ. ಅದು ಅಂವಂದು.”

ದುರುಗವ್ವ ಒದ್ದೆ ಸೀರೆಯ ಅಂಚು ಹಿಂಡಿದಳು. ಆಮೇಲೆ, ಕಾಲಿನ ಹತ್ತಿರ ಬಂದು ಹಿಂದೆ ಸರಿದ ಒಂದು ಸಣ್ಣ ಅಲೆಯನ್ನು ಅದು ಪೂರ್ತಿ ಹೋಗುವವರೆಗೆ ನೋಡಿದಳು. ನೀರು ಈಗ ಪೂರ್ತಿ ಕೆಂಪಾಗಿತ್ತು. ಅದರಲ್ಲಿ ಅವನ ಕೈವಾಡವೇನೂ ಇರಲಿಲ್ಲ.

“ಖರೇ ಕಡಲು ಹಿಂಗ ಇರತೈತೇನ್ರಿ ಸಂಜೀಕ? ನೀವಂತೂ ಭಾಳ ಸಲ ನೋಡೀರಿ. ಎಷ್ಟು ಸಲ ಅಂದ್ರಿ?”

ಮುನ್ನೂರ ಹನ್ನೊಂದು ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಹುಲುಗೇಶ್ ಉಪ್ಪು ಹತ್ತಿದ ಬೆರಳು ತುಟಿಗೆ ಒರೆಸಿಕೊಂಡ.

“ಒಂದ್ ಸಲಾನೂ ನೋಡಿಲ್ಲರಿ ಯಕ್ಕಾ,” ಅಂದ. “ಹುಬ್ಬಳ್ಳಿ ಬಸ್‌ಸ್ಟ್ಯಾಂಡ್ ದಾಟಿ ಮುಂದಕ್ಕ ಹೋಗಿಲ್ಲ ನಾನು.”